ಬೋಗೋಯ್ ಯಾವ ದಡದವನು

ಜೂನ್ ತಿಂಗಳ ಮೂರನೆಯ ಬುಧವಾರ, ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ನಾನು ಗಾಜಿನ ಗೂಡಿನೊಳಗೆ ಕುಳಿತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೆ. ಬ್ರಸೆಲ್ಸಿನಲ್ಲಿ ದುಭಾಷಿಯಾಗಿ ಇಪ್ಪತ್ತಾರು ವರ್ಷವಾಯಿತು; ಮೈಕಿನ ಗುಂಡಿ ಒತ್ತುವ ಮುಂಚೆ ಇದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಇನ್ನೊಬ್ಬರ ಮಾತನ್ನು ಬಾಯಲ್ಲಿ ಹೊತ್ತುಕೊಂಡು ಹೋಗುವ ಕೆಲಸ ನಮ್ಮದು. ದಾರಿಯಲ್ಲಿ ಚೆಲ್ಲದಿರಲಿ ಎಂದು ಬೇಡಿಕೊಳ್ಳಲೇಬೇಕಲ್ಲ.

"ಇವತ್ತು ದೇವ್ರ ಹತ್ರ ಸ್ವಲ್ಪ ಜಾಸ್ತೀನೇ ಕೇಳ್ಕೋ ಒಬ್ರೆನ್," ಎಂದಳು ಪಕ್ಕದಲ್ಲಿದ್ದ ಲೀವ. "ಕೆಳಗಡೆ ನಿಮ್ಮೋರೇ ಬಂದು ಕೂತವ್ರೆ. ಎರಡೂ ಕಡೆಯೋರು."

ಲೀವ ಇದೇ ಊರಿನ ಫ್ಲೆಮಿಶ್ ಹೆಂಗಸು. ನಮ್ಮ ಕಡೆಯವನನ್ನು ಮದುವೆಯಾಗಿ, ಅತ್ತೆಯ ಜೊತೆ ಜಗಳ ಆಡಲಿಕ್ಕೆಂದು ನಮ್ಮ ಭಾಷೆ ಕಲಿತವಳು. ಈಗ ನನಗಿಂತ ಚೆನ್ನಾಗಿ ಬೈಯುತ್ತಾಳೆ. ಹದಿನೆಂಟು ವರ್ಷದಿಂದ ಒಂದೇ ಗೂಡಿನಲ್ಲಿ ಅರ್ಧ ಅರ್ಧ ಗಂಟೆಯ ಸರದಿಯ ಮೇಲೆ ಕೆಲಸ ಮಾಡುತ್ತಿದ್ದೇವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನೀರು ಕುಡಿಯಬಹುದು, ಕಣ್ಣು ಮುಚ್ಚಬಹುದು, ಹೆಚ್ಚೆಂದರೆ ಚೀಟಿಯ ಮೇಲೆ ಒಂದು ಅಂಕಿ ಬರೆದು ತಳ್ಳಬಹುದು.

ಆಣೆಯಿಟ್ಟು ಕೆಲಸಕ್ಕೆ ಸೇರಿದವರು ನಾವು. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಈ ಸಂಗತಿಯನ್ನು ಹೇಳಬಹುದೆಂದು ಇದರಲ್ಲಿ ಬರುವವರೆಲ್ಲ ಒಪ್ಪಿದ್ದಾರೆ, ಆದರೆ ದೇಶಗಳ ಹೆಸರು ಮಾತ್ರ ಬೇಡ ಎಂದಿದ್ದಾರೆ. ಆದ್ದರಿಂದ ಒಂದನ್ನು ಗುಡ್ಡನಾಡು, ಇನ್ನೊಂದನ್ನು ಬಯಲುನಾಡು ಎನ್ನೋಣ. ನಡುವೆ ಒಂದು ಹೊಳೆ; ಭಾಷೆ ಎರಡಕ್ಕೂ ಒಂದೇ. ಬಯಲುನಾಡು ಯುರೋಪಿನ ಒಕ್ಕೂಟವನ್ನು ಸೇರಿ ಎಷ್ಟೋ ವರ್ಷವಾಯಿತು. ನಾನು ಹುಟ್ಟಿದ ಗುಡ್ಡನಾಡು ಹನ್ನೊಂದು ವರ್ಷದಿಂದ ಹೊಸ್ತಿಲ ಹೊರಗೆ ನಿಂತಿದೆ. ಒಳಗಿರುವ ಅಷ್ಟೂ ದೇಶಗಳು ಹೂಂ ಎಂದರೆ ಮಾತ್ರ ಮಾತುಕತೆ ಮುಂದುವರಿಯುತ್ತದೆ. ಒಂದು ದೇಶ ಊಹೂಂ ಎಂದರೂ ಅಲ್ಲಿಗೆ ನಿಂತಿತು.

ಆ ಹನ್ನೊಂದು ವರ್ಷವೂ ಗುಡ್ಡನಾಡಿನ ಪರವಾಗಿ ಮಾತಾಡಿದವರು ವಿದೋಸಾವ ಅಕ್ಕ. ಅರವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಹುಟ್ಟಿದ್ದು ಹೊಳೆಯ ಸೇತುವೆಯ ಪಕ್ಕದ ಹಳ್ಳಿಯಲ್ಲಿ. ತಂಗಿ ಯಾಗೋದಳನ್ನು ಆಚೆ ದಡಕ್ಕೆ, ಬಯಲುನಾಡಿಗೆ, ಮದುವೆ ಮಾಡಿ ಕೊಟ್ಟಿದ್ದರು. ಆಮೇಲೆ ಗಡಿ ಬಿಗಿಯಾಯಿತು, ಸೇತುವೆಗೆ ಮುಳ್ಳುತಂತಿ ಬಿತ್ತು. ಅಕ್ಕ ತಂಗಿಯರು ಬಟ್ಟೆ ಒಗೆಯುವ ಹೊತ್ತಿಗೆ ಎರಡು ದಡದಲ್ಲಿ ನಿಂತು ಕೂಗಿ ಮಾತಾಡುತ್ತಿದ್ದರಂತೆ. ಮುಖಾಮುಖಿ ಕೂತು ಊಟ ಮಾಡಬೇಕೆಂದರೆ ದೊಡ್ಡ ಗಡಿಠಾಣೆಯನ್ನು ಸುತ್ತಿ ನೂರ ನಲವತ್ತು ಕಿಲೋಮೀಟರು ಹೋಗಬೇಕು. ಆ ದಿನ ಮೇಜಿನ ಮೇಲಿದ್ದ ಒಪ್ಪಂದದ ಕರಡಿನ ಏಳನೆಯ ಕಲಮು ಆ ಸೇತುವೆಯದು: ಒಪ್ಪಿಗೆ ಸಿಕ್ಕ ಒಂದು ತಿಂಗಳೊಳಗೆ ನಡೆದು ಹೋಗುವವರಿಗೆ ಅದನ್ನು ತೆರೆಯತಕ್ಕದ್ದು. ಜೂನ್ ಮುಗಿದರೆ ಒಕ್ಕೂಟದ ಅಧ್ಯಕ್ಷತೆ ಬೇರೆ ದೇಶಕ್ಕೆ ಹೋಗುತ್ತದೆ, ಮತ್ತು ಮುಂದೆ ಬರುವವರಿಗೆ ಹೊಸಬರನ್ನು ಸೇರಿಸಿಕೊಳ್ಳುವ ಉಮೇದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಈ ವಾರ ಆಗದಿದ್ದರೆ ಇನ್ನು ಯಾವಾಗಲೋ.

ಅಡ್ಡವಾಗಿದ್ದದ್ದು ಒಂದೇ ಒಂದು ವಾಕ್ಯ. ನಮ್ಮ ಹಳೆಯ ಪದಗಳಲ್ಲಿ, ಎಂದರೆ ಕಥೆ ಹೇಳುವ ಹಾಡುಗಳಲ್ಲಿ, ಬೋಗೋಯ್ ಎಂಬ ವೀರನಿದ್ದಾನೆ. ಗುಡ್ಡನಾಡು ಅವನ ಚಿತ್ರವನ್ನು ಅಂಚೆಚೀಟಿಯ ಮೇಲೆ ಹಾಕಿತು. ಬಯಲುನಾಡಿಗೆ ಅದರಿಂದ ಸಿಟ್ಟು ನೆತ್ತಿಗೇರಿತು. ಬೋಗೋಯ್ ಹುಟ್ಟಿದ್ದು ನಮ್ಮಲ್ಲಿ, ಅವನು ನಮ್ಮವನೊಬ್ಬನೇ ಎಂದು ಕರಡಿನ ಮುನ್ನುಡಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ಒಪ್ಪಿಗೆ ಇಲ್ಲ ಎಂದು ಕೂತಿತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಚಳಿಗಾಲದಲ್ಲಿ ನನ್ನ ಸೋದರಮಾವ ಮಿಲುನ್ ಕೈಕಾಲು ತೊಳೆದು, ದೇವರ ಪಟದ ಮುಂದಿನ ದೀಪ ಹಚ್ಚಿ, ಒಂಟಿ ತಂತಿಯ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಪದ ಹೇಳುತ್ತಿದ್ದ. ನಾವೆಲ್ಲ ಒಲೆಯ ಸುತ್ತ ಕೂತು ಕೇಳುವವರು. ಒಮ್ಮೆ ಶುರುವಾದ ಪದವನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಪದದೊಳಗಿನ ಮನುಷ್ಯ ಮನೆ ಸೇರದೆ ದಾರಿಯಲ್ಲೇ ಉಳಿಯುತ್ತಾನೆ ಎಂದು ನಮ್ಮವರ ನಂಬಿಕೆ. ಮಾವನಿಗೆ ಕೆಮ್ಮು ಬಂದರೆ ಕೂತವರಲ್ಲಿ ಯಾರಾದರೂ ಮುಂದಿನ ಸಾಲು ಎತ್ತಿಕೊಳ್ಳಬೇಕು. ನಾನು ಎಂಟು ವರ್ಷದವನಿದ್ದಾಗಲೇ ಎತ್ತಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಸಾಲುಗಳು ತಾವಾಗಿಯೇ ಬರುತ್ತಿದ್ದವು.

ಅದೇ ಆ ಬುಧವಾರ ನನ್ನನ್ನು ಕೆಡಿಸಿದ್ದು.

ಸಭೆ ಶುರುವಾಯಿತು. ಅಧ್ಯಕ್ಷೆ ತೂಲಿಕ್ಕಿ ಉತ್ತರದ ಸರೋವರಗಳ ಕಡೆಯವರು. ಆರು ತಿಂಗಳಲ್ಲಿ ಅವರು ನಕ್ಕದ್ದನ್ನು ಕಂಡವರಿಲ್ಲ. ಅಭ್ಯರ್ಥಿ ದೇಶವನ್ನು ಒಳಗೆ ಕರೆದು ಅರ್ಧ ಗಂಟೆ ಕೇಳೋಣವೆಂದು ಅವರೇ ಏರ್ಪಾಡು ಮಾಡಿದ್ದರು. ವಿದೋಸಾವ ಅಕ್ಕ ಮೇಜಿನ ತುದಿಯಲ್ಲಿ ಕೂತರು. ಎದುರಿಗೆ ಬಯಲುನಾಡಿನ ರಾಯಭಾರಿ ರಾದಿವೋಯ್. ಎತ್ತರದ ಆಳು, ಅಚ್ಚುಕಟ್ಟಾದ ಮೀಸೆ, ರಾಜಧಾನಿಯಲ್ಲೇ ಹುಟ್ಟಿ ಬೆಳೆದ ನಾಜೂಕು.

"ಅಧ್ಯಕ್ಷರೇ," ಎಂದರು ರಾದಿವೋಯ್, "ಪುರಾವೆ ನಮ್ಮ ಪದದಲ್ಲೇ ಇದೆ. ಬೋಗೋಯ್ ಹೊಳೆಯಂಚಿನ ಮರದಡೀಲಿ ಹುಟ್ದ ಅಂತ ಮೊದಲನೇ ಸಾಲೇ ಹೇಳತ್ತೆ. ಆಚೆ ದಡದಲ್ಲಿ ಮರ ಎಲ್ಲಿದೆ? ಬರೀ ಬಂಡೆ."

"ಮರ ಇತ್ತು ಸ್ವಾಮಿ," ಎಂದರು ವಿದೋಸಾವ. "ನಿಮ್ಮ ಅಜ್ಜಂದಿರು ಬಂದು ಕಡ್ಕೊಂಡು ಹೋದ್ರು. ನಿಮ್ಮನೆ ಬಾಗಿಲು ಯಾವ ಮರದ್ದು, ಹೋಗಿ ನೋಡಿ."

ನಮ್ಮ ಗೂಡಿನಲ್ಲಿ 'ಅವರು ಹೀಗೆನ್ನುತ್ತಾರೆ' ಎನ್ನುವ ಪದ್ಧತಿಯಿಲ್ಲ. ರಾಯಭಾರಿ 'ನಾನು' ಎಂದರೆ ನಾನೂ 'ನಾನು' ಎನ್ನಬೇಕು. ಅವರ ಅಜ್ಜ ಆ ಹೊತ್ತಿಗೆ ನನ್ನ ಅಜ್ಜ. ಮತ್ತು ಬೇರೆ ಗೂಡುಗಳಲ್ಲಿ ನಮ್ಮ ಭಾಷೆ ಬಲ್ಲವರು ಯಾರೂ ಇರಲಿಲ್ಲ. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿಕೊಂಡೇ ಫ್ರೆಂಚ್, ಜರ್ಮನ್, ಗ್ರೀಕ್ ಗೂಡಿನವರು ತಮ್ಮ ತಮ್ಮ ಭಾಷೆಗೆ ತಿರುಗಿಸುತ್ತಿದ್ದರು. ನನ್ನ ಬಾಯಲ್ಲಿ ಏನು ಬಂತೋ ಅದೇ ಸಭೆಗೆಲ್ಲ.

ರಾದಿವೋಯ್ ಒಂದು ಹಾಳೆ ತೆಗೆದು ಓದತೊಡಗಿದರು.

ಹೊಳೆಯಂಚಿನ ಮರದಡಿ ಹುಟ್ಟಿದ ಬೋಗೋಯ್,
ಮೂರು ವರುಷ ತಾಯ ಹಾಲುಂಡ ಬೋಗೋಯ್,
ನಾಕನೆ ವರುಷಕೆ ಕತ್ತಿಯ ಕೇಳಿ
ಐದನೆ ವರುಷಕೆ ಏರಿದ ಕುದುರೆ.

ಅವರ ಓದು ಸಪ್ಪೆ. ತಿಂಗಳ ವರದಿ ಓದಿದ ಹಾಗೆ. ಆದರೂ ಆ ಸಾಲುಗಳು ಕಿವಿಗೆ ಬಿದ್ದದ್ದೇ ತಡ, ನನಗೆ ಒಲೆಯ ಬಿಸಿ ಮುಖಕ್ಕೆ ತಾಗಿದ ಹಾಗಾಯಿತು. ಕಣ್ಣು ಮುಚ್ಚಿದೆ. ಅವರ ಸಾಲು ಮುಗಿಯುವ ಮೊದಲೇ ನನ್ನ ಇಂಗ್ಲಿಷು ಮುಗಿಯುತ್ತಿತ್ತು. ಹನ್ನೆರಡು ಸಾಲಾದ ಮೇಲೆ ಹೆಡ್‌ಫೋನಿನಲ್ಲಿ ಏನೋ ಗೊಣಗಾಟ ಕೇಳಿತು. ಕಣ್ಣು ಅರೆ ತೆರೆದೆ. ಅವರ ಮೈಕಿನ ಕೆಂಪು ದೀಪ ಉರಿಯುತ್ತಿದೆ, ತುಟಿ ಆಡುತ್ತಿದೆ. ದನಿ ತಗ್ಗಿಸಿ ಪದ ಮುಂದುವರಿಸುತ್ತಿದ್ದಾರೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ನಿಜವಾಗಿ ಅವರು ಮೈಕು ಆರಿಸುವುದನ್ನು ಮರೆತು ಸಹಾಯಕಿಯ ಹತ್ತಿರ, ಮಧ್ಯಾಹ್ನದ ಊಟಕ್ಕೆ ಮೇಜು ಕಾದಿರಿಸಿದ್ದಾಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು.

ನಾನು ಮುಂದುವರಿಸಿದೆ.

ಒಂಬತ್ತು ಕುದುರೆಯ ಕದ್ದನು ಬೋಗೋಯ್,
ಒಡೆಯನ ಲಾಯವ ಗುಡಿಸಿದ ಬೋಗೋಯ್,
ಪಾದ್ರಿಯ ಹಿಟ್ಟಿನ ಪೆಟ್ಟಿಗೆಯೊಳಗೆ
ಅವಿತು ಕುಳಿತು ಸೀನಿದ ಬೋಗೋಯ್.

ಪಾದ್ರಿಯ ಹೆಂಡತಿ (ನಮ್ಮಲ್ಲಿ ಪಾದ್ರಿಗಳಿಗೂ ಮದುವೆಯುಂಟು) ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಬರುವುದು, ಮೈಯೆಲ್ಲ ಹಿಟ್ಟಾದ ಬೋಗೋಯ್‌ನನ್ನು ಕಂಡು ಊರವರು ದೆವ್ವವೆಂದು ಓಡುವುದು, ಗಿರಣಿಯವನ ಮೂವರು ಹೆಣ್ಣುಮಕ್ಕಳಿಗೂ ಅವನು ಒಂದೇ ಉಂಗುರ ತೋರಿಸಿ ಮದುವೆಯ ಮಾತು ಕೊಡುವುದು, ಎಲ್ಲವೂ ಬಂತು. ಸಭೆಯಲ್ಲಿ ನಗು ಎದ್ದಿತು. ಮೊದಲು ಇಂಗ್ಲಿಷ್ ಕೇಳುತ್ತಿದ್ದವರು ನಕ್ಕರು, ಒಂದು ಉಸಿರು ಬಿಟ್ಟು ಫ್ರೆಂಚಿನವರು, ಆಮೇಲೆ ಜರ್ಮನ್ನಿನವರು. ಕೊನೆಯಲ್ಲಿ ಗ್ರೀಕ್ ರಾಯಭಾರಿ ಒಬ್ಬರೇ, ಎಲ್ಲರೂ ಸುಮ್ಮನಾದ ಮೇಲೆ, ಮೇಜು ಬಡಿದು ನಕ್ಕರು. ಇದನ್ನೆಲ್ಲ ಲೀವ ಆಮೇಲೆ ಹೇಳಿದ್ದು. ಅವಳು ನನ್ನ ತೋಳು ಚಿವುಟಿದಳಂತೆ, ಚೀಟಿ ತಳ್ಳಿದಳಂತೆ. ಕೊನೆಗೆ,

ಸೇತುವೆ ನಡುವಲಿ ನಿಂತನು ಬೋಗೋಯ್,
ಹಿಂದಕು ಮುಂದಕು ನೋಡಿದ ಬೋಗೋಯ್,

ಎನ್ನುವಾಗ ಹೆಡ್‌ಫೋನನ್ನೇ ನನ್ನ ತಲೆಯಿಂದ ಕಿತ್ತು ಮೈಕು ಆರಿಸಿದಳು.

"ಏನೋ ಮಾಡ್ತಿದೀಯ? ಅವ್ರು ಯಾವಾಗ್ಲೋ ನಿಲ್ಸಿದಾರೆ! ಕುದುರೆ ಕದ್ದಿದ್ದು ಅವ್ರಲ್ಲ, ನೀನು!"

ಕೆಳಗೆ ನೋಡಿದೆ. ಎಲ್ಲರೂ ತನ್ನ ಕಡೆ ತಿರುಗಿ ನಗುತ್ತಿರುವುದನ್ನು ಕಂಡು, ತನ್ನ ವಾದ ಗೆದ್ದಿತೆಂದು ರಾದಿವೋಯ್ ಎಡಕ್ಕೂ ಬಲಕ್ಕೂ ತಲೆಬಾಗಿಸಿ ವಂದಿಸುತ್ತಿದ್ದರು.

ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡರು. "ರಾಯಭಾರಿಗಳಿಗೆ ಧನ್ಯವಾದ. ತಮ್ಮ ನಾಡಿನ ವೀರನ ಬಗ್ಗೆ ಇಷ್ಟು ಮುಚ್ಚುಮರೆ ಇಲ್ದೆ ಹೇಳಿದ್ದನ್ನ ನಾನು ಈ ಸಭೇಲಿ ಕೇಳಿರ್ಲಿಲ್ಲ."

ವಿದೋಸಾವ ತಮ್ಮ ದೇಶದ ಹೆಸರಿನ ಫಲಕವನ್ನು ಲಂಬವಾಗಿ ನಿಲ್ಲಿಸಿದರು. ಮಾತಾಡಬೇಕು ಎನ್ನುವುದಕ್ಕೆ ಇಲ್ಲಿಯ ಗುರುತು ಅದು. ಅವರು ಒಂದು ಕಿವಿಯಲ್ಲಿ ನಮ್ಮ ಇಂಗ್ಲಿಷನ್ನೂ ಕೇಳುತ್ತಿದ್ದವರು. ಏನಾಯಿತೆಂದು ಅವರೊಬ್ಬರಿಗೆ ಪೂರ್ತಿ ಗೊತ್ತಿತ್ತು. ತಲೆಯೆತ್ತಿ ನಮ್ಮ ಗೂಡಿನ ಕಡೆ ಒಮ್ಮೆ ನೋಡಿದರು. ಬಾಯಿ ಮುಚ್ಚಿಕೊಂಡಿರಪ್ಪ ಎಂದು ಆ ನೋಟ ಸ್ಪಷ್ಟವಾಗಿ ಹೇಳಿತು.

"ಅಧ್ಯಕ್ಷರೇ, ನೆರೆಯೋರು ಇಷ್ಟು ಮನಸ್ಸು ಬಿಚ್ಚಿ ಒಪ್ಕೊಂಡ ಮೇಲೆ ನಮ್ಮದೇನೂ ತಕರಾರಿಲ್ಲ. ಬೋಗೋಯ್ ಅವ್ರಿಗೇ ಇರಲಿ. ಕುದುರೆ ಸಮೇತ."

"ಯಾವ ಕುದುರೆ?" ಎಂದರು ರಾದಿವೋಯ್.

ಸಭೆ ಇನ್ನೊಮ್ಮೆ ನಕ್ಕಿತು, ಅದೇ ಸರದಿಯಲ್ಲಿ.

ವಾಕ್ಯ ಅವರಿಗೆ, ಸೇತುವೆ ನಮಗೆ; ಗೆದ್ದೇ ಬಿಟ್ಟಿದ್ದೆವು. ನಾನು ಸುಮ್ಮನಿದ್ದರೆ ಸಾಕಿತ್ತು. ದುಭಾಷಿ ಹೇಳಿದ್ದೇ ಸಭೆಯಲ್ಲಿ ಆಡಿದ ಮಾತು, ಅದನ್ನು ತಿದ್ದುವ ಹಕ್ಕೂ ಮೊದಲು ಅವನದೇ. ಯಾಗೋದ, ಸೇತುವೆ, ಹನ್ನೊಂದು ವರ್ಷ ಎಲ್ಲ ನನ್ನ ಕಣ್ಣ ಮುಂದೆ ಬಂತು. ಆದರೆ ಆ ಮನುಷ್ಯ ನಂಬಿಕೆಯಿಂದ ನನ್ನ ಬಾಯಿಗೆ ಹನ್ನೆರಡು ಸಾಲು ಕೊಟ್ಟಿದ್ದ. ನಾನು ನಲವತ್ತೊಂದು ಸೇರಿಸಿದ್ದೆ. ಬೆಳಿಗ್ಗೆ ಚೆಲ್ಲದಿರಲಿ ಎಂದು ಬೇಡಿಕೊಂಡಿದ್ದೆನೇ ಹೊರತು ತುಂಬಿಸಿಬಿಡು ಎಂದಲ್ಲ. ಗುಂಡಿ ಒತ್ತಿದೆ.

"ದುಭಾಷಿಯಿಂದ ತಪ್ಪಾಗಿದೆ. ರಾಯಭಾರಿಗಳು ಓದಿದ್ದು ಮೊದಲ ಹನ್ನೆರಡು ಸಾಲು. ಉಳಿದ ನಲವತ್ತೊಂದು ಸಾಲು ನನ್ನ ಸೋದರಮಾವನದು. ಎಲ್ಲರ ಕ್ಷಮೆ ಕೇಳುತ್ತೇನೆ."

ವಿದೋಸಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ರಾದಿವೋಯ್ ಕಿವಿಯವರೆಗೂ ಕೆಂಪಾದರು. ಸಹಾಯಕಿ ಪಕ್ಕದವರನ್ನು ಕೇಳಿ ತಿಳಿದು, ಬಗ್ಗಿ ಅವರ ಕಿವಿಯಲ್ಲಿ ಕುದುರೆ, ಹಿಟ್ಟು, ಮೂವರು ಹುಡುಗಿಯರ ಸಂಗತಿ ಹೇಳುತ್ತಿದ್ದಳು. ತೂಲಿಕ್ಕಿ ಮಾತ್ರ ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ತೀರ್ಪು ಕೊಟ್ಟರು. ಬೋಗೋಯ್ ಎಂಬವನು ಯಾರ ಪರವಾಗಿಯೂ ಮುನ್ನುಡಿಯಲ್ಲಿ ಇರತಕ್ಕದ್ದಲ್ಲ. ಆ ವಾಕ್ಯ ತೆಗೆದ ಕರಡನ್ನು ಮೌನದ ಗಡುವಿಗೆ ಹಾಕಲಾಗುವುದು. ಶುಕ್ರವಾರ ಮಧ್ಯಾಹ್ನ ಹನ್ನೆರಡರವರೆಗೆ.

ಮೌನದ ಗಡುವು ಎಂದರೆ ಇಷ್ಟೇ: ಹೇಳಿದ ಹೊತ್ತಿನೊಳಗೆ ಯಾವ ದೇಶವೂ ಪತ್ರ ಬರೆದು ಬೇಡ ಎನ್ನದಿದ್ದರೆ ಎಲ್ಲರೂ ಒಪ್ಪಿದಂತೆ. ಯಾರಾದರೂ ಬೇಡ ಎಂದರೆ ಮೌನ ಮುರಿಯಿತು, ಕರಡು ಸತ್ತಿತು.

ಸಭೆ ಮುಗಿದು ನಾನು ಕಾಗದ ಜೋಡಿಸಿಕೊಳ್ಳುತ್ತಿದ್ದಾಗ ಗೂಡಿನ ಬಾಗಿಲು ಬಡಿದ ಸದ್ದಾಯಿತು. ಇಪ್ಪತ್ತಾರು ವರ್ಷದಲ್ಲಿ ಯಾವ ರಾಯಭಾರಿಯೂ ಆ ಕಿರಿದಾದ ಮೆಟ್ಟಿಲು ಹತ್ತಿ ಬಂದದ್ದಿಲ್ಲ. ರಾದಿವೋಯ್ ತಲೆ ಬಗ್ಗಿಸಿ ಒಳಗೆ ಬಂದರು.

"ನೀವೇನಾ ಆ ಸೋದರಳಿಯ?"

"ನಾನೇ ಸಾರ್. ನೀವು ದೂರು ಕೊಡೋದಿದ್ರೆ, ನಮ್ಮ ಮುಖ್ಯಸ್ಥರ ಕೋಣೆ ಮೂರನೇ ಮಹಡೀಲಿ..."

"ದೂರು ಆಮೇಲೆ ಕೊಡೋಣ." ಅವರು ಲೀವಳ ಕುರ್ಚಿಯ ಮೇಲೆ ಕೂತರು. "ನೀವು ಸೇತುವೆ ಮೇಲೆ ನಿಲ್ಸಿಬಿಟ್ರಿ ಅಂತೆ. ಆಮೇಲೇನಾಯ್ತು?"

"ಏನಂದ್ರಿ?"

"ನಮ್ಮ ಇಲಾಖೆಯೋರು ಹನ್ನೆರಡು ಸಾಲು ಕಳ್ಸಿದ್ರು ಕಣ್ರೀ. ನಾನು ಅಷ್ಟೇ ಇರೋದು ಅಂದ್ಕೊಂಡಿದ್ದೆ. ನಮ್ಮಮ್ಮ ಹಳ್ಳಿಯವ್ಳು, ಅವ್ಳಿಗೆ ಬರ್ತಿತ್ತೋ ಏನೋ, ನಾನು ಕೇಳಿದ್ದೇ ಇಲ್ಲ. ಆದ್ರೆ ನಡುವೆ ನಿಲ್ಸಬಾರ್ದು ಅಂತ ಮಾತ್ರ ಯಾವಾಗ್ಲೂ ಹೇಳ್ತಿದ್ಲು. ಈಗ ಆ ಪುಣ್ಯಾತ್ಮ ಒಂಬತ್ತು ಕುದುರೆ ಹಿಡ್ಕೊಂಡು ಸೇತುವೆ ಮೇಲೇ ನಿಂತಿದಾನೆ. ನಂಗೆ ಊಟ ಸೇರತ್ತಾ?"

ಲೀವ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. "ಎದ್ದೇಳೋ. ರಾಯಭಾರಿಗಳು ಹಸ್ದಿದಾರೆ."

ಕೆಳಗಿನ ಕ್ಯಾಂಟೀನಿಗೆ ಹೋದೆವು. ಅಪೊಸ್ತಲರ, ಎಂದರೆ ಯೇಸುವಿನ ಶಿಷ್ಯರ ಹೆಸರಿನ, ಉಪವಾಸದ ದಿನಗಳು; ಮೇಲಾಗಿ ಬುಧವಾರ, ಅದೂ ನಮಗೆ ಉಪವಾಸವೇ. ನಾನು ಮಾಂಸ ಮುಟ್ಟುವಂತಿರಲಿಲ್ಲ. ಬೇಳೆಯ ಸೂಪು, ಬ್ರೆಡ್ಡು ತೆಗೆದುಕೊಂಡೆ. ರಾದಿವೋಯ್ ಅವರ ತಟ್ಟೆಯಲ್ಲೂ ಅದೇ ಇತ್ತು. ಅವರು ಮೇಜು ಕಾದಿರಿಸಿದ್ದ ಹೋಟೆಲು ಹಾಗೆಯೇ ಉಳಿಯಿತು. ಅಷ್ಟರಲ್ಲಿ ವಿದೋಸಾವ ತಮ್ಮ ತಟ್ಟೆ ಹಿಡಿದು ಬಂದು ಎದುರಿಗೆ ಕೂತರು. ಅದೂ ಬೇಳೆಯ ಸೂಪೇ.

"ನಿನ್ನ ಜೊತೆ ನಾನು ಮಾತಾಡಲ್ಲ ಒಬ್ರೆನ್," ಎಂದರು. "ಸ್ವಂತ ನಾಡಿನವ್ನು! ಎರಡು ನಿಮಿಷ ಬಾಯಿ ಮುಚ್ಕೊಂಡಿರಕ್ಕಾಗ್ಲಿಲ್ಲ ನಿಂಗೆ. ಒಂದು ಸಲ ತೆರೀಬಾರ್ದಾಗ ತೆರ್ದೆ, ಇನ್ನೊಂದು ಸಲ ಮುಚ್ಬೇಕಾದಾಗ ತೆರ್ದೆ."

"ಬೈಯೋದಿದ್ರೆ ಪದ ಮುಗ್ದ ಮೇಲೆ ಬೈಯ್ರಮ್ಮ," ಎಂದರು ರಾದಿವೋಯ್. "ಇವ್ರು ಸುಳ್ಳು ಹೇಳ್ದೆ ಇದ್ದಿದ್ದಕ್ಕೇ ನಾನಿನ್ನೂ ನಿಮ್ಮ ಜೊತೆ ಒಂದೇ ಮೇಜಲ್ಲಿ ಕೂತಿರೋದು."

ನಾನು ಮೆಲ್ಲಗೆ, ಚಮಚದಿಂದ ಮೇಜಿನಂಚು ತಟ್ಟುತ್ತ, ನಮ್ಮ ಭಾಷೆಯಲ್ಲೇ ಎತ್ತಿಕೊಂಡೆ. ನಾಲ್ಕು ಸಾಲಿಗೆಲ್ಲ ವಿದೋಸಾವ ಅಕ್ಕನ ದನಿಯೂ ಸೇರಿತು, ಕೋಪ ಇಳಿಯದೆಯೇ. ಸೇತುವೆಯ ಒಂದು ತುದಿಯಲ್ಲಿ ಗುಡ್ಡದವರು ದೊಣ್ಣೆ ಹಿಡಿದು ನಿಂತಿದ್ದಾರೆ, ಇನ್ನೊಂದು ತುದಿಯಲ್ಲಿ ಬಯಲಿನವರು. ಇವನು ನಿಮ್ಮವನು, ನಡಿಗೆ ನೋಡಿದರೇ ಗೊತ್ತಾಗುತ್ತದೆ ಎನ್ನುತ್ತಾರೆ ಇವರು. ಅಲ್ಲ, ನಿಮ್ಮವನೇ, ಇಷ್ಟು ಸುಳ್ಳು ಹೇಳುವವರು ನಮ್ಮಲ್ಲಿ ಹುಟ್ಟುವುದಿಲ್ಲ ಎನ್ನುತ್ತಾರೆ ಅವರು. ಒಂದು ಹಗಲಿಡೀ ಹೀಗೆ ತಳ್ಳಾಟ. ಕುದುರೆಗಳಿಗೂ ಬೇಸರ ಬಂದು ನೀರಿಗಿಳಿಯುತ್ತವೆ. ಕೊನೆಗೆ ಒಬ್ಬ ಮುದುಕಿ ದಡಕ್ಕೆ ಬಂದು ಕೂಗುತ್ತಾಳೆ:

ನನ್ನ ಮಗನಿವನು, ಬಿಡಿರೋ ದಾರಿ;
ಕದ್ದುದ ಮರಳಿಸಿ ಬಾರೋ ಬೋಗೋಯ್,
ಕಿವಿ ಹಿಂಡುವುದು ಆಮೇಲಿರಲಿ,
ಗಂಜಿಯು ಆರಿತು, ಬಾರೋ ಬೋಗೋಯ್.

ಅಲ್ಲಿಗೆ ಪದ ಮುಗಿಯುತ್ತದೆ. ರಾದಿವೋಯ್ ನಕ್ಕು ನಕ್ಕು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಥಟ್ಟನೆ ಕೇಳಿದರು: "ಆ ತಾಯಿ ನಿಂತಿದ್ದು ಯಾವ ದಡದಲ್ಲಿ?"

"ಪದ ಹೇಳೋದಿಲ್ಲ ಸಾರ್."

"ಹೇಳೋದಿಲ್ಲ?"

"ದಡಕೆ ಬಂದಳು ಅಂತಷ್ಟೇ ಇದೆ."

ಅವರು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ ತಿಂದರು. "ನಂದೇನೂ ಅಡ್ಡಿ ಇಲ್ಲ," ಎಂದರು ಏಳುವಾಗ. "ಆದ್ರೆ ಮೌನ ಮುರಿಯೋದು, ಬಿಡೋದು ನಮ್ಮ ಮಂತ್ರಿಗಳ ಕೈಲಿದೆ. ಅವ್ರು ಭಾರಿ ಹಟದ ಮನುಷ್ಯ. ಪೂರ್ತಿ ಪದ ಬರ್ದುಕೊಡಿ, ಕಳಿಸ್ತೀನಿ. ಓದ್ತಾರೋ, ಹರೀತಾರೋ, ಗೊತ್ತಿಲ್ಲ."

ಗುರುವಾರವಿಡೀ ಏನೂ ಸುದ್ದಿಯಿಲ್ಲ.

ಶುಕ್ರವಾರ ಹನ್ನೊಂದೂವರೆಗೆ ತೂಲಿಕ್ಕಿ ನನ್ನನ್ನು ತಮ್ಮ ಕಚೇರಿಗೆ ಕರೆಸಿದರು. ವಿದೋಸಾವ ಆಗಲೇ ಅಲ್ಲಿದ್ದರು, ಕಿಟಕಿಯ ಹತ್ತಿರ ನಿಂತು ಕರವಸ್ತ್ರವನ್ನು ಗಂಟು ಹಾಕಿ ಬಿಚ್ಚುತ್ತಿದ್ದರು. ಪದದ ವಿಷಯವಾಗಿ ಏನಾದರೂ ಬಂದರೆ ಓದಲು ಬಲ್ಲವನೊಬ್ಬ ಪಕ್ಕದಲ್ಲಿರಲಿ ಎಂದು ನನ್ನನ್ನು ಕರೆದದ್ದಂತೆ. ಪರದೆಯ ಮೇಲೆ ಪತ್ರಪೆಟ್ಟಿಗೆ ತೆರೆದಿತ್ತು, ಖಾಲಿ. ಹನ್ನೊಂದೂ ನಲವತ್ತು. ಖಾಲಿ. ಹನ್ನೊಂದೂ ಐವತ್ತು.

ಐವತ್ತೊಂದಕ್ಕೆ ಟಣ್ ಎಂದಿತು. ಬಯಲುನಾಡಿನ ಮಂತ್ರಿಯ ಕಚೇರಿಯಿಂದ.

ವಿದೋಸಾವ ಕುರ್ಚಿ ಹುಡುಕಿ ಕೂತರು. "ಮುಗೀತು," ಎಂದರು. "ಓದು ಒಬ್ರೆನ್. ಯಾಗೋದಂಗೆ ಏನಂತ ಹೇಳ್ಲಿ..."

ನಾನು ಓದಿದೆ. ಪತ್ರದಲ್ಲಿ ಬೇಡ ಎಂಬ ಮಾತಿರಲಿಲ್ಲ. ಎರಡೇ ಸಾಲು: 'ತಾಯಿ ಯಾವ ದಡದಲ್ಲಿ ನಿಂತಿದ್ದಳು? ತಕ್ಷಣ ಉತ್ತರ ಬಾರದಿದ್ದರೆ ಹನ್ನೆರಡರೊಳಗೆ ಆಕ್ಷೇಪಣೆ ಕಳುಹಿಸಲಾಗುವುದು.'

"ಪ್ರಶ್ನೆ ಕೇಳಿದ್ರೆ ಮೌನ ಮುರಿದ ಹಾಗಲ್ಲ," ಎಂದರು ತೂಲಿಕ್ಕಿ ಗಡಿಯಾರ ನೋಡುತ್ತ. "ಒಂಬತ್ತು ನಿಮಿಷ ಇದೆ. ಉತ್ತರ ಏನು?"

"ಬಯಲು ಅಂತ ಬರಿ!" ವಿದೋಸಾವ ಎದ್ದು ನಿಂತರು. "ಬಯಲಿನ ದಡದಲ್ಲಿ ನಿಂತಿದ್ಲು ಅಂತ ಬರಿ. ನಾನು ಹೇಳ್ತಿದೀನಿ, ಗುಡ್ಡನಾಡಿನ ಪರವಾಗಿ. ತಾಯೀನೂ ಅವ್ರಿಗೇ ಕೊಟ್ಟೆ, ಮಗನ್ನೂ ಕೊಟ್ಟೆ, ಗಂಜೀನೂ ಕೊಟ್ಟೆ!"

"ಪದ ಹಾಗನ್ನಲ್ಲ ಅಕ್ಕಾ."

"ಪದಕ್ಕೆ ಏನು ಗೊತ್ತಾಗತ್ತೆ? ಒಂದು ಮಾತು ಸೇರ್ಸಿದ್ರೆ ಆಕಾಶ ಬೀಳತ್ತಾ? ಮೊನ್ನೆ ನಲವತ್ತೊಂದು ಸಾಲು ಸೇರ್ಸಿದ್ಯಲ್ಲ ಸಭೇಲಿ, ಆಗ ಎಲ್ಲೋಗಿತ್ತು ನಿನ್ನ ಭಕ್ತಿ?"

"ಅವು ಪದದಲ್ಲಿ ಇದ್ದ ಸಾಲು. ಇದು ಇಲ್ಲ. ಮಿಲುನ್ ಮಾವ ಹಾಗೆ ಹಾಡ್ಲಿಲ್ಲ, ಅವ್ರಪ್ಪಾನೂ ಹಾಡ್ಲಿಲ್ಲ. ನಾನು ಹೇಗೆ ಬರೀಲಿ?"

"ಹನ್ನೊಂದು ವರ್ಷ ಕಣೋ!" ಎಂದರು ಅವರು. ಗಟ್ಟಿ ದನಿ ಅಲ್ಲಿ ಒಡೆಯಿತು. "ಅವ್ಳಿಗೆ ಮಂಡಿ ನೋವು. ಆ ಸುತ್ತುದಾರೀಲಿ ಬಸ್ಸು ಹತ್ತಕ್ಕಾಗಲ್ಲ. ಎರಡು ವರ್ಷ ಆಯ್ತು ನಾನು ಅವಳ ಮುಖ ಹತ್ತಿರದಿಂದ ನೋಡಿ."

ಅವರಿಗಾಗಿ ಏನು ಬೇಕಾದರೂ ಮಾಡಿಬಿಡಬೇಕು ಅನ್ನಿಸಿದ್ದು ನಿಜ. ಆದರೆ ಆ ಮುದುಕಿಯನ್ನು ಒಂದು ದಡಕ್ಕೆ ಎಳೆದು ನಿಲ್ಲಿಸುವುದು ನನ್ನ ಕೈಯಿಂದಾಗಲಿಲ್ಲ. ಅವಳನ್ನು ದಡ ಹೇಳದೆ ನಿಲ್ಲಿಸಿದವರು ನನಗಿಂತ ತಿಳಿದವರು. ಬರೆದೆ: 'ಪದ ಹೇಳುವುದಿಲ್ಲ. ಅವಳು ಮಗನನ್ನು ಊಟಕ್ಕೆ ಕರೆಯುತ್ತಾಳೆ, ಅಷ್ಟೇ. ಹೆಚ್ಚು ಬರೆದರೆ ಅದು ನನ್ನ ಮಾತಾದೀತು, ಪದದ್ದಲ್ಲ. ಒಬ್ರೆನ್, ದುಭಾಷಿ.' ತೂಲಿಕ್ಕಿ ಓದಿಸಿ ಕೇಳಿದರು, ತಲೆಯಾಡಿಸಿ ಕಳಿಸಿದರು.

ಹನ್ನೊಂದೂ ಐವತ್ತಾರು.

ವಿದೋಸಾವ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ನಾನು ಮನಸ್ಸಿನಲ್ಲೇ ದೇವಮಾತೆಯನ್ನು ಕರೆಯುತ್ತಿದ್ದೆ. ಅವಳಿಗೂ ಮಗನಿದ್ದನಲ್ಲ, ಅರ್ಥವಾದೀತು. ಐವತ್ತೆಂಟಕ್ಕೆ ಮತ್ತೆ ಟಣ್ ಎಂದಿತು. ಕಟ್ಟಡದ ಲಿಫ್ಟು ರಿಪೇರಿಯ ಪ್ರಕಟಣೆ. ತೂಲಿಕ್ಕಿ ತಮ್ಮ ಭಾಷೆಯಲ್ಲಿ ಏನೋ ಗೊಣಗಿದರು. ಅದಕ್ಕೆ ದುಭಾಷಿ ಬೇಕಾಗಿರಲಿಲ್ಲ.

ಹನ್ನೆರಡಾಯಿತು. ಹನ್ನೆರಡು ದಾಟಿ ಒಂದು ನಿಮಿಷವಾಯಿತು. ಪರದೆಯ ಮೇಲೆ ಹೊಸದೇನೂ ಬರಲಿಲ್ಲ.

"ಯಾರೂ ಮಾತಾಡ್ಲಿಲ್ಲ," ಎಂದರು ತೂಲಿಕ್ಕಿ. "ಎಲ್ಲರೂ ಒಪ್ಪಿದ ಹಾಗೆ." ಮೇಜಿನ ಖಾನೆಯಿಂದ ತಮ್ಮೂರಿನ ಕರಿಯ, ಉಪ್ಪುಪ್ಪಾದ ಮಿಠಾಯಿಯ ಡಬ್ಬಿ ತೆಗೆದು ನಮಗೆ ಹಿಡಿದರು. ಬಾಯಿಗೆ ಹಾಕಿಕೊಂಡ ವಿದೋಸಾವ ಮುಖ ಕಿವುಚಿದ್ದನ್ನು ಕಂಡು ಅಧ್ಯಕ್ಷೆ ನಕ್ಕರು. ಹೌದು, ಹಲ್ಲು ಕಾಣುವ ಹಾಗೆ.

ಐದು ನಿಮಿಷಕ್ಕೆ ರಾದಿವೋಯ್ ಅವರ ಫೋನು ನನಗೇ ಬಂತು.

"ಒಬ್ರೆನ್ ಅವ್ರೇ, ಗೊತ್ತೇನ್ರೀ? ಮಂತ್ರಿಗಳು ನಿಮ್ಮ ಉತ್ತರ ಎರಡು ಸಲ ಓದಿದ್ರಂತೆ. 'ಇವನು ಗುಡ್ಡದವನು, ಗುಡ್ಡ ಅಂತ ಬರೀತಾನೆ, ಬರ್ದ್ರೆ ಆಕ್ಷೇಪಣೆ ಕಳಿಸಿ' ಅಂತ ಕಾಗದ ರೆಡಿ ಮಾಡಿಸಿಟ್ಟಿದ್ರು. ನೀವು ಬಯಲು ಅಂತ ಬರ್ದಿದ್ರೂ ಕಳಿಸ್ತಿದ್ರು, ನಮ್ಮನ್ನ ಮಂಕು ಮಾಡ್ತಿದಾರೆ ಅಂತ. ನೀವು ಎರಡೂ ಬರೀಲಿಲ್ಲ. 'ಹಾಗಾದ್ರೆ ಅವ್ಳು ನಮ್ಮ ಕಡೆ ನಿಂತಿರ್ಲಿಲ್ಲ ಅಂತ ಯಾರೂ ಹೇಳಕ್ಕಾಗಲ್ಲ' ಅಂದ್ರಂತೆ. ಊಟಕ್ಕೆ ಎದ್ದು ಹೋದ್ರಂತೆ."

ನಾನು ಅದನ್ನು ವಿದೋಸಾವ ಅಕ್ಕನಿಗೆ ಹೇಳಿದೆ. ಅವರು ಹತ್ತಿರ ಬಂದು ನನ್ನ ಕಿವಿ ಹಿಡಿದು ಜೋರಾಗಿ ಎಳೆದರು, ಆಮೇಲೆ ಅದೇ ಕಡೆಯ ಕೆನ್ನೆಗೆ ಮುತ್ತು ಕೊಟ್ಟರು. ಕೂಡಲೇ ತಂಗಿಗೆ ಫೋನು ಹಚ್ಚಿದರು. ಹೊಳೆಯ ದಡದಲ್ಲಿ ಕೂಗಿ ಕೂಗಿ ರೂಢಿಯಾದ ಅಕ್ಕತಂಗಿಯರು. ಯಾಗೋದಳ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಆಯ್ತು ಕಣೇ! ಸೇತುವೆ ತೆರೀತಾರೆ! ಒಂದು ತಿಂಗಳೊಳಗೆ!"

"ಅಯ್ಯೋ, ನಿಜಾನಾ?" ಅತ್ತ ಸ್ವಲ್ಪ ಹೊತ್ತು ಮೂಗು ಸೇದುವ ಸದ್ದು. ಆಮೇಲೆ, "ಹನ್ನೊಂದು ವರ್ಷ ಬೇಕಾಯ್ತಾ ನಿಂಗೆ? ನಾನಾಗಿದ್ರೆ ಹೊಳೆ ಈಜ್ಕೊಂಡು ಬಂದಿರ್ತಿದ್ದೆ."

"ಮಂಡಿ ಇಟ್ಕೊಂಡು ಈಜ್ತಾಳಂತೆ! ಮೊದ್ಲು ಅಡುಗೆ ಮಾಡಿಡು."

"ಮಾಡಿಡ್ತೀನಿ ಬಾ. ಆದ್ರೆ ನೋಡ್ಕೊಂಡು ಕಾಲಿಡು, ಸೇತುವೆ ನಡುವೆ ಎರಡು ಹಲಗೆ ಕೊಳೆತು ಬಿದ್ದಿದಾವೆ. ನಿಮ್ಮ ಕಡೇವು."

"ನಮ್ಮ ಕಡೇವಾ? ನಿಮ್ಮ ಕಡೇವೇ ಅವು! ಹೋದ ವರ್ಷ ನಾನೇ ನೋಡಿದೀನಿ."

"ಏನು ನೋಡಿದೀಯ, ಕನ್ನಡಕ ಬದ್ಲಾಯ್ಸು! ನಡುವಿಂದ ಆಚೆಗಿರೋದೆಲ್ಲ ನಿಮ್ದು!"

"ಏನು, ಜಗಳಾನಾ?" ಎಂದು ತೂಲಿಕ್ಕಿ ಗಾಬರಿಯಿಂದ ನನ್ನನ್ನು ಕೇಳಿದರು. "ಏನಂತಿದಾರೆ?"

ಮೌನದ ಗಡುವು ಮುಗಿದಿತ್ತಲ್ಲ, ಇನ್ನು ಯಾವ ಮಾತಿಗೂ ಕರಡು ಸಾಯುವಂತಿರಲಿಲ್ಲ. ನಾನು ಧೈರ್ಯವಾಗಿ, ಒಂದು ಮಾತು ಬಿಡದೆ, ಒಂದು ಮಾತು ಸೇರಿಸದೆ ಹೇಳಿದೆ.